ಎರಡನೆಯ ದೀಪ ತೂಗುಹಾಕಬೇಡಿ

ವೀರ ನಿರ್ವಾಣ ಸಂವತ್ಸರ ೨೭೪೧, ನಿಶಾಮಾಸ, ಹನ್ನೊಂದನೆಯ ನಿದ್ದೆ ಕಳೆದ ಮೇಲೆ
ಜೈನ ಭವನದ ಅಡುಗೆಮನೆ, ಉತ್ತರ ತೀರ

ಈ ಭವನವನ್ನು ಕಟ್ಟಲು ಹೊರಟಿರುವ ಮಹನೀಯರೇ, ತಾಯಂದಿರೇ, ಜಯ ಜಿನೇಂದ್ರ!

ತಾರೀಖು ನೋಡಿ ಬೆಚ್ಚಬೇಡಿ. ನೀವಿನ್ನೂ ಬಾಡಿಗೆಗೆ ಹಿಡಿದ ಮೀನಿನ ಗೋದಾಮನ್ನು ತಿಕ್ಕಿ ತೊಳೆಯುತ್ತಿದ್ದೀರಿ. ನಾನು ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಾಚೆಯ ಕಾಲದವನು. ನಿಮಗೆ ಗೊತ್ತಿಲ್ಲದ ಪದಗಳು ನನ್ನ ಮಾತಿನಲ್ಲಿ ನುಸುಳಿದರೆ ಮನ್ನಿಸಿ. ನಿಶಾಮಾಸವೆಂದರೆ ಈ ಸೀಮೆಯಲ್ಲಿ ಸೂರ್ಯ ಮುಖವನ್ನೇ ತೋರಿಸದ ಚಳಿಗಾಲ. ಹಗಲೇ ಇಲ್ಲದಾಗ ದಿನವನ್ನು ಹೇಗೆ ಎಣಿಸುವುದು? ನಾವು ನಿದ್ದೆಗಳನ್ನು ಎಣಿಸುತ್ತೇವೆ. ನಿಮ್ಮ ಮೊದಲ ನಿಶಾಮಾಸ ಇನ್ನೇನು ಬಂದೇಬಿಟ್ಟಿತು. ಅದಕ್ಕೂ ಮುಂಚೆ ಈ ಕಾಗದ ನಿಮ್ಮ ಕೈಸೇರಬೇಕು!

ನಾನು ಪಾಯಪ್ಪ ಚೌಗುಲೆ, ಈ ಭವನದ ದೀಪಪಾಲಕ. ರಂಗದ ಮೇಲೆಯೇ ಬೆಳೆದವನಾದ್ದರಿಂದ ನನ್ನ ಗಂಟಲು ದೊಡ್ಡದು, ಕಾಗದದಲ್ಲೂ ಅದು ತಗ್ಗುವುದಿಲ್ಲ. ಪ್ರತಿ ವರ್ಷ ಪರ್ಯೂಷಣದ ವ್ರತಗಳು ಮುಗಿದ ಮೇಲೆ ಇಲ್ಲಿ ನಿಮ್ಮದೇ ಕಥೆಯ ನಾಟಕವಾಗುತ್ತದೆ, ಭರಮಪ್ಪಜ್ಜನ ಪಾತ್ರ ನನ್ನದು. ಆಹಾ, ಎಂಥ ನಾಟಕ! ಪರದೆ ಮೇಲೇಳುತ್ತಲೇ ಗೋದಾಮು. ಸೀಗೆಪುಡಿ, ಅರಿಸಿನ, ಸುಣ್ಣ ಎಲ್ಲ ಹಾಕಿ ತೊಳೆದರೂ ಮೀನಿನ ವಾಸನೆ ಹೋಗದು. ಶಾಂತವ್ವನವರು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇದರಾಗ ಬಸದಿ ಮಾಡೂದಕ್ಕಿಂತ ಹಡಗಿನ್ಯಾಗ ಮಾಡಿದ್ರ ಛಲೋ ಇತ್ತಲ್ರೀ" ಎಂದು ಗಂಡ ಭರಮಪ್ಪಜ್ಜನನ್ನು ತಿವಿಯುತ್ತಾರೆ. ಎರಡನೆಯ ಅಂಕದಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಹೊತ್ತು ಮುಳುಗುವ ಮುಂಚೆ ಉಣ್ಣಬೇಕಾದ ಜನ, ಹೊತ್ತೇ ಹುಟ್ಟದ ಊರಿನಲ್ಲಿ ಉಣ್ಣುವುದು ಯಾವಾಗ? ಭರಮಪ್ಪಜ್ಜ ನಿಪ್ಪಾಣಿ ಕಡೆಯ ತನ್ನೂರಿಗೆ ಫೋನು ಹಚ್ಚುತ್ತಾನೆ. "ಅಕ್ಕಾ, ಅಲ್ಲಿ ಹೊತ್ತು ಮುಣಗೇತೇನು?" "ಇನ್ನೂ ಇಲ್ಲೋ ತಮ್ಮಾ, ಲಗೂನ ಉಣ್ಣು!" ಅಡುಗೆಮನೆಯ ಜಂತಿಗೆ ಗಾಜಿನ ಬಲ್ಬೊಂದು ತೂಗುತ್ತದೆ. ಅಕ್ಕ ಹೊತ್ತು ಹುಟ್ಟಿತೆಂದಾಗ ಹೊತ್ತಿಸುವುದು, ಮುಳುಗಿತೆಂದಾಗ ಆರಿಸುವುದು. ಅದರಡಿ ಎಲ್ಲರೂ ಒಂದೇ ಪಂಕ್ತಿ.

ಆಗ ಬರುತ್ತಾರೆ ರಸಿಕಭಾಯಿ ವೋರಾ, ಕೈಯಲ್ಲಿ ಅರ್ಧ ರೊಟ್ಟಿ. "ಭರಮಪ್ಪಜೀ, ನಮ್ಮ ಜಾಮ್‌ನಗರದ ಸೂರ್ಯ ಇನ್ನೂ ಇದ್ದಾನೆ! ನೀವು ದೀಪ ಆರಿಸಿದರೆ ನನ್ನ ರೊಟ್ಟಿಗೆ ಏನು ಗತಿ?" ಸಭೆ ಬಿದ್ದುಬಿದ್ದು ನಗುತ್ತದೆ. ಶಾಂತವ್ವನವರು ದೊಡ್ಡ ಮನಸ್ಸಿನಿಂದ, "ಅದಕ್ಯಾಕ ಜಗಳಾ ಅಣ್ಣಾರ? ನಿಮ್ಮದೂ ಒಂದು ದೀಪ ಹಾಕ್ರಿ" ಎನ್ನುತ್ತಾರೆ. ಚಪ್ಪಾಳೆಯೋ ಚಪ್ಪಾಳೆ! ಅಲ್ಲಿಗೆ ಪರದೆ ಬೀಳುತ್ತದೆ. ಪರದೆ ಬಿದ್ದ ಮೇಲೆ ಏನಾಯಿತೆಂದು ಹೇಳುವುದಕ್ಕೇ ಈ ಕಾಗದ.

ಮಹನೀಯರೇ, ಎರಡನೆಯ ದೀಪದ ಪಕ್ಕಕ್ಕೆ ನೈರೋಬಿಯಿಂದ ಬಂದವರ ದೀಪ ಬಂತು, ಆಮೇಲೆ ಮೂಡಬಿದಿರೆಯವರದು, ಆಮೇಲೆ ಲಂಡನ್ನಿನವರದು. ಈಗ ತಲೆಯೆತ್ತಿದರೆ ಜಂತಿಯೇ ಕಾಣದು, ಬರೀ ದೀಪಗಳು. ಪ್ರತಿ ದೀಪಕ್ಕೂ ತವರೂರಿನಲ್ಲಿ ಒಬ್ಬ ಹೊತ್ತುಗಾರ. ಸೂರ್ಯನನ್ನು ಕಣ್ಣಾರೆ ಕಂಡು ನಮಗೆ ತಿಳಿಸುವವನು ಅವನೇ. ಒಬ್ಬರು ಕೂರುವಾಗ ಇನ್ನೊಬ್ಬರು ಏಳುತ್ತಾರೆ, ಒಬ್ಬರ ಒಗ್ಗರಣೆಯ ನಡುವೆ ಇನ್ನೊಬ್ಬರ ಪಾತ್ರೆ ತೊಳೆಯುವ ಸದ್ದು. ಗಡ್ಡೆಗಳಲ್ಲದೆ ಬೇರೇನೂ ಬೆಳೆಯದ ಈ ನೆಲದಲ್ಲಿ ಗಡ್ಡೆ ತಿನ್ನದ ನಾವು ಗಾಜಿನ ಮನೆ ಕಟ್ಟಿ ಸೊಪ್ಪು ಬೆಳೆಯುತ್ತೇವೆ, ಕೂಡಿಯೇ ಬೆಳೆಯುತ್ತೇವೆ. ಆದರೆ ಅದನ್ನು ಕೂಡಿ ಉಣ್ಣುವುದಿಲ್ಲ. ವೋರಾ ಮನೆಯ ದಾಲ್ ಸಿಹಿಯೋ ಖಾರವೋ, ನನ್ನ ಹೆಣ್ಣುಮಕ್ಕಳಿಗೆ ತಿಳಿಯದು. ಪರರ ದೀಪದಡಿ ಉಂಡವರನ್ನು ದೀಪಭ್ರಷ್ಟರೆಂದು ಕರೆಯುತ್ತೇವೆ. ಅವರೊಂದಿಗೆ ಸ್ವಂತ ಮನೆಯವರೂ ಮತ್ತೆ ಪಂಕ್ತಿಯಲ್ಲಿ ಕೂರುವುದಿಲ್ಲ. ಯಾವ ಶಾಸ್ತ್ರದಲ್ಲೂ ಇಲ್ಲದ ಈ ಕಟ್ಟಳೆ ಯಾರು ಮಾಡಿದರೋ! ದೀಪಗಳು ಹೆಚ್ಚಿದಂತೆ ತಾನಾಗಿಯೇ ಗಟ್ಟಿಯಾಯಿತು.

ಹೀಗಿರುವಾಗ ಗುಣವತಿ ಅಮ್ಮ ಬಂದರು. ಪಡುವಣ ಕರಾವಳಿಯಲ್ಲಿ ಕಡಲು ನುಂಗಿದ ಊರಿನವರು, ಕೊನೆಗೆ ಉಳಿದ ಒಬ್ಬರೇ. ಅವರ ಊರಿನಲ್ಲಿ ಸೂರ್ಯನನ್ನು ಕಂಡು ಹೇಳುವ ಜೀವವಿಲ್ಲ. ಹೊತ್ತುಗಾರನಿಲ್ಲದೆ ದೀಪವಿಲ್ಲ, ದೀಪವಿಲ್ಲದೆ ಊಟವಿಲ್ಲ. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ಸೋಸಿದ ಬಿಸಿನೀರು ಮಾತ್ರ ಕುಡಿದರು. ಪ್ರತಿಯೊಂದು ಮನೆಯವರೂ ಮರುಗಿದರು, ಪ್ರತಿಯೊಬ್ಬರೂ ತಮ್ಮ ದೀಪದಡಿಯೇ ಮರುಗಿದರು. ಕಡೆಗೆ ನಮ್ಮ ಅಧ್ಯಕ್ಷ ಧನ್ಯಕುಮಾರರು ಸಭೆ ಕರೆದು, ಮುಳುಗಿದ ಊರಿನ ಹೊತ್ತನ್ನು ಯಂತ್ರದಿಂದ ಲೆಕ್ಕಹಾಕಿಸಿ, ಹೊಸ ದೀಪ ತೂಗಿಸಿ, "ಉಣ್ಣಿ ತಾಯಿ" ಎಂದು ಕೈಮುಗಿದರು. ಮುದುಕಿ ನಕ್ಕುಬಿಟ್ಟರು.

"ದೀಪ ಕೊಟ್ಟಿರಿ, ಸಂತೋಷ. ಎದುರಿಗೆ ಕೂತು ಉಣ್ಣುವವರು ಯಾರು ಮಾರಾಯ್ರೇ? ಒಬ್ಬಳೇ ಉಣ್ಣಲಿಕ್ಕೆ ಇಷ್ಟು ದೂರ ಬರಬೇಕಿತ್ತಾ? ನನ್ನ ಊರಿನಲ್ಲೇ ಒಬ್ಬಳೇ ಇದ್ದೆನಲ್ಲ!"

ಎಲ್ಲರೂ ಮೇಲೆ ನೋಡಿದರು, ಅವರವರ ದೀಪದ ಕಡೆಗೆ. ಅಂದಿನಿಂದ ಅವರ ಬಾಯಿಗೆ ಅನ್ನ ಹೋಗಿಲ್ಲ. ಇದು ಅನ್ನ ತೊರೆದು ದೇಹ ಬಿಡುವ ಸಲ್ಲೇಖನ ವ್ರತವಾಗಿದ್ದರೆ ಕೈಮುಗಿದು ಪಕ್ಕದಲ್ಲಿ ಕೂರುತ್ತಿದ್ದೆ. ಆದರೆ ಅಡುಗೆಮನೆಯಿಂದ ಒಗ್ಗರಣೆಯ ಘಮ ಬಂದಾಗ ಆ ಕಣ್ಣು ಹೊರಳುತ್ತದೆ, ನಾನು ಕಂಡಿದ್ದೇನೆ. ಅವರಿಗೆ ಹಸಿವಿದೆ! ನಿನ್ನೆಯಿಂದ ದನಿಯೂ ಇಳಿದಿದೆ. ವೈದ್ಯರು ತಲೆಯಲ್ಲಾಡಿಸಿ ಹೋದರು.

ಶಾಂತವ್ವನವರೇ, ನಿಮ್ಮ ಕಾಲು ಹಿಡಿದು ಬೇಡುತ್ತೇನೆ. ರಸಿಕಭಾಯಿ ಅರ್ಧ ರೊಟ್ಟಿ ಹಿಡಿದು ಬಂದಾಗ ಆ ಒಂದು ಮಾತು ಆಡಬೇಡಿ. ಯಾರ ಊರಿನ ಸೂರ್ಯ ಮೊದಲು ಮುಳುಗುವನೋ ಆ ಹೊತ್ತಿಗೇ ಎಲ್ಲರೂ ಕೈತೊಳೆಯಿರಿ. ಯಾರ ವ್ರತವೂ ಕೆಡದು. ರಸಿಕಭಾಯಿಗೆ ಒಂದು ರೊಟ್ಟಿ ಕಡಿಮೆಯಾದೀತು, ಬೈದುಕೊಂಡಾರು, ಬೈದುಕೊಳ್ಳಲಿ! ನಿಮ್ಮ ಪಕ್ಕದಲ್ಲೇ ಕೂತು ಬೈಯುತ್ತಾರಲ್ಲ.

ಈಗ ಗುಣವತಿ ಅಮ್ಮನ ದೀಪ ಉರಿಯುತ್ತಿದೆ. ಚೌಗುಲೆಯವರ ದೀಪವೂ ಉರಿಯುತ್ತಿದೆ, ಅದರಡಿ ನನ್ನ ಹೆಂಡತಿ ಕುಸುಮಾ ಎಲ್ಲರಿಗೂ ಬಡಿಸಿ ನನ್ನ ದಾರಿ ಕಾಯುತ್ತಿದ್ದಾಳೆ. ನನ್ನ ಮುಂದೆ ಎರಡು ತಟ್ಟೆ ಗಂಜಿ ಇದೆ, ಒಂದು ಅಮ್ಮನಿಗೆ, ಒಂದು ನನಗೆ. ಅವನ್ನು ಹಿಡಿದು ಅವಳ ಎದುರಿಗೇ ಹಾದು ಬೆಂಚಿನ ಬಳಿಗೆ ಹೋಗಬೇಕು. ಅವಳು ಮತ್ತೆ ನನಗೆ ಬಡಿಸುತ್ತಾಳೋ ಇಲ್ಲವೋ ಅರಿಯೆ. ಸಾವಿರ ಜನರೆದುರು ಗರ್ಜಿಸಿದವನು ಕಾಗದದ ನೆಪ ಹೇಳಿಕೊಂಡು ಇನ್ನೂ ಕೂತೇ ಇದ್ದೇನೆ. ಈ ಅಡುಗೆಮನೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಇಷ್ಟು ದೂರವಿದೆಯೆಂದು ನನಗೆ ತಿಳಿದಿರಲಿಲ್ಲ.

ಹೊರಟೆ. ನೀವು ನನ್ನ ಮಾತು ಕೇಳಿದ್ದೇ ಆದರೆ, ಹಿರಿಯರೇ, ನಾನು ನಡೆಯಬೇಕಾದ ಈ ದೂರವೇ ಇರುವುದಿಲ್ಲ.

ಪಾಯಪ್ಪ