ಒಂದು ಸಾಲಿಗೆ ಮೂರು ವಾರ

ಪ್ರೀತಿಯ ಪುಟ್ಟಿಗೆ,

ನಾವಿಬ್ಬರೂ ಕ್ಷೇಮ. ನಗಬೇಡ, ನಿನ್ನ ಟೀಚರ್ ಹತ್ತಿರ ನಾನೀಗ ಪಿಯಾನೋ ಕಲಿಯುತ್ತಿದ್ದೇನೆ. "ಅರವತ್ತಕ್ಕೆ ಅರಳು ಮರಳು" ಅಂತ ನಿಮ್ಮಪ್ಪನ ತಮಾಷೆ ನಡೆದೇ ಇದೆ.

ಮೂವತ್ತು ವರ್ಷ ಆಫೀಸಿನಲ್ಲಿ ಟೈಪ್ ಮಾಡಿದ ಕೈ ನನ್ನದು. ಮೊದಲ ದಿನವೇ ಟೀಚರ್, "ಅಮ್ಮಾ, ಇದು ಅರ್ಜಿ ಅಲ್ಲ, ಹಾಡು. ಕುಟ್ಟಬೇಡಿ, ತೋಳಿನ ಭಾರ ಮೆಲ್ಲಗೆ ಬೆರಳಿಗೆ ಇಳೀಲಿ" ಅಂದರು. ನಿನ್ನ ಹಳೇ ಪುಸ್ತಕದಿಂದಲೇ ಒಂದು ಸಾಲು ಕೊಟ್ಟರು. ಅದರಲ್ಲಿ ಬಲಗೈಯ ಕಿರುಬೆರಳು ಹಾಡಬೇಕಂತೆ, ಮಿಕ್ಕವು ಪಿಸುಗುಟ್ಟಬೇಕಂತೆ. ನನ್ನವೋ, ಎಲ್ಲ ಒಟ್ಟಿಗೆ ಜಗಳಕ್ಕೆ ನಿಲ್ಲುತ್ತವೆ. ಕೊನೆಗೆ ಆ ಸಾಲನ್ನು ನನ್ನಿಂದ ಬಾಯಲ್ಲಿ ಹಾಡಿಸಿ, "ಈಗ ಉಸಿರು ತಗೊಂಡ್ರಲ್ಲ, ಕೈಯೂ ಅಲ್ಲೇ ಉಸಿರಾಡಲಿ" ಅಂದರು.

ಆ ಒಂದು ಸಾಲಿಗೆ ಮೂರು ವಾರ ಹಿಡಿಯಿತು. ನಿನ್ನೆ ಬೆಳಿಗ್ಗೆ ಒಂದೇ ಒಂದು ಸಲ ಅದು ಹಾಡಿತು ಕಣೇ. ಅಪ್ಪ ಅಡುಗೆಮನೆಯಿಂದ ಓಡಿಬಂದು, "ಪುಟ್ಟಿ ಬಂದ್ಲಾ?" ಅಂದರು.

ನಿನ್ನ ಪಿಯಾನೋ ಪರೀಕ್ಷೆಯ ಹಿಂದಿನ ದಿನ ನೀನು ಇದೇ ಸಾಲನ್ನು ನುಡಿಸುತ್ತಿದ್ದೆ. "ಅದನ್ನೇ ಎಷ್ಟು ಸಲ ಬಾರಿಸ್ತೀಯೇ, ತಲೆ ಚಿಟ್ಟು ಹಿಡೀತು" ಅಂತ ನಾನು ಅಂದುಬಿಟ್ಟೆ. ಮುಚ್ಚಳ ಹಾಕಿದವಳು ನೀನು ಮತ್ತೆ ತೆರೆಯಲೇ ಇಲ್ಲ. ಎಷ್ಟು ಸಲ ಬೇಕಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ ಪುಟ್ಟೀ.

ಒಂದು ಉಪಕಾರ ಮಾಡು. ನಿನ್ನ ಪುಸ್ತಕದಲ್ಲಿ ಮುಂದಿನ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಏನೋ ಗೀಚಿದ್ದೀಯ. ತಡೆದು ನುಡಿಸಬೇಕೋ, ಮುಂದೆ ಸಾಗಬೇಕೋ ತಿಳಿಯುತ್ತಿಲ್ಲ. ಟೀಚರ್, "ಗೀಚಿದವಳನ್ನೇ ಕೇಳಿ" ಅನ್ನುತ್ತಾರೆ. ಬರೆದು ತಿಳಿಸಿದರೂ ಸಾಕು. ಪಕ್ಕದಲ್ಲಿ ಕೂತು ತೋರಿಸಿದರೆ ನನಗೆ ಬೇಗ ಬಂದೀತು.

ನಿನ್ನ,
ಅಮ್ಮ