ಅಪ್ಪನ ಪಾಲಿನ ರಾಗ

ಪೋರ್ಟ್ ಆರ್ಥರ್, ಟೆಕ್ಸಸ್
ಭಾನುವಾರ

ಅಮ್ಮಾ,

ಈ ಊರಿನಲ್ಲಿ ಗಾಳಿಗೂ ಎಣ್ಣೆ ವಾಸನೆ; ಆದರೆ ಕುಣಿತದ ಹಾಲ್ ತುಂಬ ನಮ್ಮ ಲೂಸಿಯಾನದವರೇ. ಅಪ್ಪ ಹೋಗಿ ವರ್ಷ ತುಂಬಿತು, ಇನ್ನು ಸಂಗೀತ ಮುಟ್ಟಬಹುದು ಎಂದು ನೀನೇ ಗೋಡೆಯಿಂದ ಇಳಿಸಿಕೊಟ್ಟ ಪಿಟೀಲನ್ನು ನಿನ್ನೆ ನುಡಿಸಿದೆ. ಅಭ್ಯಾಸ ನೋಡು, ಅಪ್ಪನ ರಾಗಕ್ಕೆ ನಾನು ಕೆಳಗಿನ ತಂತಿಗಳಲ್ಲಿ ಕೊಡುತ್ತಿದ್ದ ಜೊತೆಯನ್ನಷ್ಟೇ ನುಡಿಸುತ್ತಾ ಕೂತುಬಿಟ್ಟೆ. ಕುಣಿಯಲು ಎದ್ದ ಜೋಡಿಗಳು ಹಾಗೇ ನಿಂತವು.

ಒಲಿಟ್ ಅತ್ತೆ ಬಾಗಿಲಿಂದಲೇ ಕೂಗಿದಳು: “ಏ ಅಡ್ರಾಸ್, ರಾಗ ಎಲ್ಲೋ? ಅದನ್ನ ನಮ್ಮಣ್ಣನೇ ಎದ್ದು ಬಂದು ನುಡಿಸ್ಬೇಕೇನೋ?”

ನಾನು ಕಮಾನು ಇಳಿಸಿದೆ. ಅವಳು ಹತ್ತಿರ ಬಂದು ಮುಖ ನೋಡಿದಳು. “ಇರ್ಲಿ ಬಿಡು ಮಗಾ, ನಿನ್ನ ಪಾಲು ನೀನು ನುಡ್ಸು” ಎಂದು ತಾನೇ ಅಪ್ಪನ ರಾಗ ಗುನುಗತೊಡಗಿದಳು. ಆಮೇಲೆ ಇಡೀ ಹಾಲ್ ಗುನುಗುತ್ತಾ ಕುಣಿಯಿತು. ಅಪ್ಪ ತಡೆದು ಎಳೆಯುತ್ತಿದ್ದ ಜಾಗಗಳನ್ನೂ ಯಾರೂ ಮರೆತಿರಲಿಲ್ಲ.

ಕೆಮ್ಮು ಬಿಟ್ಟಿದೆ, ಅತ್ತೆ ಹೊತ್ತುಹೊತ್ತಿಗೂ ಅನ್ನದ ಮೇಲೆ ಗಂಬೋ ಸಾರು ಸುರಿಯುತ್ತಾಳೆ. ಬುಧವಾರದ ಬಸ್ಸಿಗೆ ಬರುತ್ತೇನೆ. ಕಾರ್ಡಿನಲ್ಲಿ ಜಾಗವಿಲ್ಲ. ಅಪ್ಪನ ಕುರ್ಚಿಯನ್ನು ಅಡುಗೆಮನೆಗೆ ತಂದಿಡು. ಅದರಲ್ಲಿ ನೀನು ಕೂತು ಗುನುಗು, ನಾನು ಜೊತೆ ಕೊಡುತ್ತೇನೆ.

ನಿನ್ನ ಅಡ್ರಾಸ್