ಅಮಲ್ದಾರರ ಮುಂದೆ ಹೇಳಿದ ಹೆಸರು

ಕೆಂಗೇರಿ,
ತಾ. ೧೪-೬-೧೯೫೫, ಮಂಗಳವಾರ

ನಮ್ಮ ನೀಲೂನ ಅಪ್ಪನವರಿಗೆ ಬೋರಮ್ಮ ಮಾಡುವ ನಮಸ್ಕಾರ.

ಜ್ವರ ಬಿಟ್ಟಿತಾ? ಲಕ್ಕವಳ್ಳಿ ಅಣೆಕಟ್ಟಿನ ಕೆಲಸದಿಂದ ನೀವು ಹಾಕಿದ ಕಾರ್ಡಿನಲ್ಲಿ ಅಕ್ಷರವೆಲ್ಲ ನಡುಗಿದ ಹಾಗಿತ್ತು, ಅವತ್ತಿಂದ ನನಗೆ ಅನ್ನ ಇಳೀತಿಲ್ಲ. ಆಸ್ಪತ್ರೆಯವರು ಕೊಟ್ಟ ಮಾತ್ರೆ ಕಹಿ ಅಂತ ಉಗಿದುಬಿಡಬೇಡಿ, ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವಾ? ಇಲ್ಲಿ ಅತ್ತೆಮ್ಮ ಗಟ್ಟಿಯಾಗಿದ್ದಾರೆ, ಬೈಯೋ ಗಂಟಲೂ ಗಟ್ಟಿಯಾಗಿದೆ. ಈ ಸಲ ಕಾಗದ ನಾನೇ ಬರೀತಾ ಇದೀನಿ. ನೀಲು ಕಲಿಸಿದ ಅಕ್ಷರ, ಸೊಟ್ಟಗಿದ್ದರೆ ನಗಬೇಡಿ.

ನಿಮ್ಮ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು ಬಂದಿದ್ದಾಳೆ ಕಣ್ರೀ! ಸರ್ಕಾರದ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಿಸಿ, ಇಂಟರ್‌ಮೀಡಿಯೆಟ್ಟಿನ ಎರಡು ವರ್ಷದ ಫೀಸು, ಪುಸ್ತಕ ಎಲ್ಲ ಅದರಲ್ಲೇ ಆಗುತ್ತೆ ಅಂತ ಹೆಡ್‌ಮಾಸ್ಟರು ಸೇತುರಾಮಯ್ಯನವರು ಹೇಳಿದರು. ಅದು ಸಿಗದಿದ್ದರೆ ಅವಳ ಓದು ಇಲ್ಲಿಗೇ ನಿಂತಿತು. ನಾಯಂಡಹಳ್ಳಿ ಕಡೆಯವರು ಹೆಣ್ಣು ಕೇಳಿಕೊಂಡು ಬಂದೂ ಆಗಿದೆ. ಗುರುವಾರ ಕಡೇ ದಿನ. ನಿನ್ನೆ ತಾಲ್ಲೂಕು ಕಚೇರಿಗೆ ಅರ್ಜಿ ಕೊಡಕ್ಕೆ ಹೋದರೆ ಗುಮಾಸ್ತ ನೋಡಿ ವಾಪಸ್ಸು ಕೊಟ್ಟ. ಅರ್ಜಿಯಲ್ಲಿ ನಿಮ್ಮ ಹೆಸರಿದೆ, ಸ್ಕೂಲಿನ ಸರ್ಟಿಫಿಕೇಟಿನಲ್ಲಿ ಅಪ್ಪನ ಹೆಸರು ದೊಡ್ಡಣ್ಣ ಅಂತಿದೆ. ಭಾವನವರ ಹೆಸರು!

ತಪ್ಪು ನಂದೇ. ಒಂದನೇ ಕ್ಲಾಸಿಗೆ ಸೇರಿಸಕ್ಕೆ ಹೋದಾಗ ಮೇಷ್ಟ್ರು ಊರಿಗೆ ಹೊಸಬರು, ಅಪ್ಪನ ಹೆಸರೇನಮ್ಮ ಅಂದರು. ಗಂಡನ ಹೆಸರು ಬಾಯಲ್ಲಿ ಹೇಳೋದುಂಟಾ? ಸೆರಗು ಬಾಯಿಗೆ ಅಡ್ಡ ಹಿಡಿದು, ದೊಡ್ಡಣ್ಣನವರ ಮನೆ ಮಗು ಸ್ವಾಮಿ ಅಂದೆ. ಅವರು ಅದನ್ನೇ ಅಪ್ಪನ ಹೆಸರು ಅಂತ ಬರೆದುಕೊಂಡರು. ನನಗಾಗ ಓದಕ್ಕೆ ಬರ್ತಿರಲಿಲ್ಲ. ನೀಲೂಗೂ ಗೊತ್ತಾಗಿದ್ದು ಈಗ ಸರ್ಟಿಫಿಕೇಟು ಕೈಗೆ ಬಂದ ಮೇಲೆ. ತಿದ್ದಬೇಕಂದರೆ ಅಪ್ಪನೇ ಬರಬೇಕು, ಇಲ್ಲವೇ ತಾಯಿ ತಾಲ್ಲೂಕು ಕಚೇರಿಗೆ ಹೋಗಿ ಅಮಲ್ದಾರರ ಮುಂದೆ ಬಾಯಿಬಿಟ್ಟು ಹೇಳಿಕೆ ಕೊಡಬೇಕಂತೆ. ಬರೆದು ತೋರಿಸಿದರೆ ನಡೆಯಲ್ವಂತೆ. ನೀವು ನೋಡಿದರೆ ಹಾಸಿಗೆ ಹಿಡಿದಿದ್ದೀರಿ. ಅತ್ತೆಮ್ಮ ಬಾಗಿಲಿಗೆ ಅಡ್ಡ ಕೂತು, ಹೆಸರು ಹೇಳಿದರೆ ಗಂಡನ ಆಯಸ್ಸು ಕಮ್ಮಿಯಾಗುತ್ತೆ ಕಣೇ, ಜ್ವರದಲ್ಲಿ ಮಲಗಿರೋ ನನ್ನ ಮಗನ್ನ ತಿಂದ್ಕೋತೀಯಾ ಅಂದರು. ಬೇರೆ ದಿನವಾಗಿದ್ದರೆ ತಿರುಗಿಸಿ ಕೊಡ್ತಿದ್ದೆ. ಇವತ್ತು ನನ್ನ ಎದೆಯೂ ಹೊಡ್ಕೊಂತು. ನೀಲು ಅರ್ಜಿ ಮಡಚಿ ಟ್ರಂಕಿಗೆ ಹಾಕಿದಳು, ಆಮೇಲೆ ರಾಗಿ ಕೇರಕ್ಕೆ ಕೂತಳು. ಅತ್ತಿದ್ದರೂ ಇಷ್ಟು ಸಂಕಟ ಆಗ್ತಿರಲಿಲ್ಲ. ನಾಳೆ ಹನ್ನೊಂದು ಗಂಟೆಗೆ ಅಮಲ್ದಾರರು ಸಿಗ್ತಾರೆ. ನಿಮ್ಮನ್ನ ಕೇಳಿ ಹೋಗೋಣ ಅಂದರೆ ಕಾಗದ ಮುಟ್ಟೋದರೊಳಗೆ ಗುರುವಾರ ಕಳೆದುಹೋಗುತ್ತೆ. ನಾನೇನು ಮಾಡಲಿ, ಹೇಳಿ.

ಮೈ ಬಿಸಿ ಇರುವಾಗ ತಣ್ಣೀರು ಮುಟ್ಟಬೇಡಿ. ಅತ್ತೆಮ್ಮ ಆಶೀರ್ವಾದ ತಿಳಿಸು ಅಂದಿದ್ದಾರೆ, ನೀಲು ನಿಮ್ಮ ಪಾದಕ್ಕೆ ನಮಸ್ಕಾರ ಹೇಳಿದ್ದಾಳೆ.

ಇಂತಿ ನಿಮ್ಮ
ಬೋರಮ್ಮ

ಬುಧವಾರ ಮಧ್ಯಾಹ್ನ ಸೇರಿಸಿದ್ದು: ಕಾಗದ ಇನ್ನೂ ಡಬ್ಬಕ್ಕೆ ಹಾಕಿರಲಿಲ್ಲ. ಹೋಗಿದ್ದೆ. ಅಮಲ್ದಾರರು ಮೂರು ಸಲ ಕೇಳಿದರು. ನೀಲು ನನ್ನ ಸೆರಗು ಹಿಡಿದು ನಿಂತಿದ್ದಳು, ಸ್ಕೂಲಿಗೆ ಸೇರಿಸಿದ ದಿನದ ಹಾಗೇ. ಬೈರಯ್ಯ ಅಂದೆ. ಗಟ್ಟಿಯಾಗೇ ಅಂದೆ, ಕಚೇರಿಯವರೆಲ್ಲ ತಿರುಗಿ ನೋಡಿದರು. ಅರ್ಜಿ ತಗೊಂಡರು. ಆಚೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಬೈಯಬೇಕು ಅನ್ನಿಸಿದರೆ ಬೈಯಿರಿ, ಆದರೆ ಬೈಯಕ್ಕಾದರೂ ಕಾಗದ ಕಂಡ ದಿನವೇ ಒಂದು ಕಾರ್ಡು ಹಾಕಿ. ಬೇರೆಯವರ ಕೈಲಿ ಬರೆಸಬೇಡಿ, ನೀವೇ ಬರೀರಿ.